ತಾಲಿನ್ ಅಥವಾ ಗ್ಡಾನ್ಸ್ಕ್: ಮಂಡಿನೋವಿನ ಅಮ್ಮನ ಜೊತೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ಡಾನ್ಸ್ಕ್‌ಗೆ. ಬರ್ಲಿನ್‌ನ ನಮ್ಮ ಮನೆಗೆ ಅಮ್ಮ ಎರಡು ಬೇಸಿಗೆ ಬಂದಿದ್ದರು. ಮೊದಲ ಸಲ ಎಸ್ಟೋನಿಯಾದ ತಾಲಿನ್ ತೋರಿಸಿದೆ, ಎರಡನೇ ಸಲ ಪೋಲೆಂಡಿನ ಗ್ಡಾನ್ಸ್ಕ್. ಎರಡೂ ಬಾಲ್ಟಿಕ್ ಕಡಲಿನ ಹಳೇ ಹಾನ್ಸಾ ಬಂದರುಗಳು, ಅಂದರೆ ಮಧ್ಯಯುಗದ ವ್ಯಾಪಾರಿ ಊರುಗಳ ಕೂಟಕ್ಕೆ ಸೇರಿದ್ದವು.

ತಾಲಿನ್‌ನಲ್ಲಿ ಫೋಟೋ ನೋಡಿ ಮರುಳಾಗಿ ಕೋಟೆಯೊಳಗೇ ರೂಮು ಹಿಡಿದೆ. ಟ್ಯಾಕ್ಸಿಯವನು ವೀರು ಬಾಗಿಲ ಹತ್ತಿರ ಇಳಿಸಿ ಹೋದ. ಅಲ್ಲಿಂದ ಗುಂಡುಕಲ್ಲು ಹಾಸಿದ ರಸ್ತೆ. ಹತ್ತು ಹೆಜ್ಜೆಗೊಮ್ಮೆ ಸೂಟ್‌ಕೇಸ್ ಮಗುಚುತ್ತಿತ್ತು. ಟೌನ್ ಹಾಲ್ ಚೌಕ ದಾಟುವಷ್ಟರಲ್ಲಿ ಒಂದು ಚಕ್ರ ಕಿತ್ತುಬಂತು. ಒಳಗೆ ಅಮ್ಮನ ಚಟ್ನಿಪುಡಿ, ಹುರಿಹಿಟ್ಟು, ಎರಡು ಕೆಜಿ ರವೆ. ಹೊತ್ತುಕೊಂಡೇ ನಡೆದೆ.

ಸೂಟ್‌ಕೇಸ್ ಹೋಗಲಿ, ಅಮ್ಮನ ಮಂಡಿ? ಗುಡ್ಡದ ಮೇಲಿನ ಊರಿಗೆ ಹೋಗುವ ಒಂದು ದಾರಿಯ ಹೆಸರು ಪಿಕ್ ಯಾಲ್ಗ್, ಅಂದರೆ ಉದ್ದ ಕಾಲು. ಇನ್ನೊಂದು ಲೂಹಿಕೆ ಯಾಲ್ಗ್, ಗಿಡ್ಡ ಕಾಲು. ಮೊದಲನೆಯದು ಏರು, ಎರಡನೆಯದು ಮೆಟ್ಟಿಲು. "ನನ್ನ ಕಾಲಿಗೆ ಎರಡೂ ಆಗಲ್ಲ ಕಣೋ" ಅಂದು ಅಮ್ಮ ಕೆಳಗೇ ಕೂತರು. ಮೇಲಿಂದ ಕಾಣುವ ಕೆಂಪು ಹೆಂಚಿನ ಮಾಡು, ಅದರಾಚೆಯ ಕಡಲು, ಎಲ್ಲವನ್ನೂ ನನ್ನ ಮೊಬೈಲಿನಲ್ಲೇ ನೋಡಿದರು. ಚೌಕದ ಔಷಧಿ ಅಂಗಡಿ 1422ರಲ್ಲೇ ಇತ್ತಂತೆ ಅಂದೆ. ಮಂಡಿಗೆ ಮುಲಾಮು ಇಟ್ಟಿರ್ತಾರಾ ಅಂತ ಕೇಳಿದರು.

ಗ್ಡಾನ್ಸ್ಕ್‌ನಲ್ಲೂ ಕಲ್ಲುಹಾಸು ಇದೆ, ಆದರೆ ಊರು ಮಟ್ಟಸ. ನೆಪ್ಚೂನ್ ಕಾರಂಜಿಯಿಂದ ಸ್ವಲ್ಪ ನಡೆದರೆ ಮೊಟ್ವಾವಾ ಹೊಳೆ. ದಂಡೆಯಲ್ಲಿ ಹಡಗಿಗೆ ಸರಕು ಎತ್ತುತ್ತಿದ್ದ 15ನೇ ಶತಮಾನದ ಕ್ರೇನ್. ಆಳುಗಳು ಒಳಗೆ ದೊಡ್ಡ ಚಕ್ರ ತುಳಿದು ಭಾರ ಎತ್ತುತ್ತಿದ್ದರು ಅಂದಾಗ ಅಮ್ಮನಿಗೆ ಊರಿನ ಏತ ನೆನಪಾಯಿತು. 1945ರಲ್ಲಿ ಸುಟ್ಟುಹೋದ ಈ ಕ್ರೇನನ್ನು ಮತ್ತೆ ಕಟ್ಟಿದ್ದಾರೆ, ಹಳೇ ಊರಿನ ಬಹುಪಾಲನ್ನೂ ಹಾಗೇ. ತಾಲಿನ್ ಅಸಲಿ, ಇದು ನಕಲಿ ಅಂತ ಮೂಗು ಮುರಿಯುವವರಿದ್ದಾರೆ. ಇರಲಿ ಬಿಡಿ, ಬೂದಿಯಾದ ಊರನ್ನು ಹಟ ಹಿಡಿದು ಎಬ್ಬಿಸಿ ನಿಲ್ಲಿಸಿದವರ ಮೇಲೆ ನನಗೆ ಗೌರವ ಜಾಸ್ತಿ.

1980ರ ಕಾರ್ಮಿಕರ ಮುಷ್ಕರ ನಡೆದ ಹಡಗು ಕಟ್ಟುವ ಕಾರ್ಖಾನೆಯ ಪಕ್ಕದಲ್ಲಿ, ಆ ಮುಷ್ಕರದಿಂದ ಹುಟ್ಟಿದ ಕಾರ್ಮಿಕ ಸಂಘ ಸಾಲಿಡಾರಿಟಿಯ ಮ್ಯೂಸಿಯಂಗೆ ಅರ್ಧ ದಿನ ಇಡಿ.

ಊಟ, ರೂಮು ಎರಡೂ ನನಗೆ ತಾಲಿನ್‌ಗಿಂತ ಅಗ್ಗವಾಯಿತು. ಬರ್ಲಿನ್‌ನಿಂದ ನೇರ ರೈಲಿದೆ, ವಿಮಾನದ ಖರ್ಚೂ ಉಳಿಯಿತು. ಆಲೂಗಡ್ಡೆ, ಚೀಸ್ ತುಂಬಿದ ಪಿಯೆರೋಗಿ ಕಡುಬಿನಂತೆಯೇ. ಆದರೆ ಮೇಲೆ ಹುರಿದ ಹಂದಿಮಾಂಸದ ಚೂರು ಉದುರಿಸುವುದುಂಟು, ಬೇಡ ಅಂತ ಮೊದಲೇ ಹೇಳಿ. ಭಾನುವಾರ ದೊಡ್ಡ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಹಾಲು ಶನಿವಾರವೇ ತಂದಿಡಿ.

ತಾಲಿನ್‌ಗೆ ಇನ್ನೊಮ್ಮೆ ಹೋದರೆ ಒಬ್ಬನೇ, ಬೆನ್ನಿಗೆ ಬ್ಯಾಗ್ ಹಾಕಿಕೊಂಡು. ಅಮ್ಮ ಬಂದರೆ ಮಾತ್ರ ಗ್ಡಾನ್ಸ್ಕೇ. ಅಲ್ಲಿಂದ ಲೋಕಲ್ ರೈಲಿನಲ್ಲಿ ಪಕ್ಕದ ಕಡಲತೀರದ ಊರು ಸೊಪೊಟ್‌ಗೆ ಹೋಗಿದ್ದೆವು. ಅಲ್ಲಿ ಕಡಲೊಳಗೆ ಚಾಚಿದ, ಒಟ್ಟು 500 ಮೀಟರಿಗಿಂತ ಉದ್ದದ ಮರದ ಸೇತುವೆ ಇದೆ. ಅದರ ತುದಿಯವರೆಗೂ ಅಮ್ಮ ನಡೆದೇ ಬಂದರು.