ಮರಳು ಹೊಡೆಸಿ ‘ಪೀನಿಂಗ್ ಆಗಿದೆ’ ಅಂದರೆ ನಂಬಬೇಡಿ

ದಾವಣಗೆರೆ ಕಡೆ ಲಾರಿ ಇಟ್ಟಿರುವವರು ದಯವಿಟ್ಟು ಓದಿ.

ನನ್ನ ಲಾರಿಯ ಹಿಂದಿನ ಮೇನ್ ಬ್ಲೇಡ್‌ನಲ್ಲಿ, ಅಂದರೆ ಲೋಡ್ ಹೊರುವ ಸ್ಪ್ರಿಂಗ್ ಕಟ್ಟಿನ ಮುಖ್ಯ ಉಕ್ಕಿನ ಪಟ್ಟಿಯಲ್ಲಿ, ತುಕ್ಕು ತಿಂದ ಸಣ್ಣ ಗುಳಿಗಳಿದ್ದವು. ಹೊಸದೇ ಹಾಕಿಸೋಣ ಅಂತಿದ್ದೆ. ಅಂಗಡಿಯವರು, “ಯಾಕ್ರೀ ಅಣ್ಣಾ, ಶಾಟ್ ಪೀನಿಂಗ್ ಮಾಡಿಸಿ ಕೊಡ್ತೀವಿ, ಹೊಸದರಂಗೆ ಆಗ್ತತಿ” ಅಂದರು. ಬೇಗ ಬಿರುಕು ಬಿಡದಿರಲೆಂದು ಬ್ಲೇಡ್‌ಗೆ ಸಣ್ಣ ಉಕ್ಕಿನ ಗುಂಡು ಹೊಡೆಸುವುದೇ ಶಾಟ್ ಪೀನಿಂಗ್. ಒಪ್ಪಿಬಿಟ್ಟೆ. ಎರಡೇ ತಿಂಗಳು. ಮೆಕ್ಕೆಜೋಳ ತುಂಬಿಕೊಂಡು ಚಿತ್ರದುರ್ಗದ ಕಡೆ ಹೊರಟಿದ್ದಾಗ ಭರಮಸಾಗರದ ಹತ್ತಿರ ಬ್ಲೇಡ್ ಎರಡು ತುಂಡು. ಆಕ್ಸಲ್ ಓರೆಯಾಗಿ ಗಾಡಿ ಎಡಕ್ಕೆ ಎಳೆಯಿತು. ಡ್ರೈವರ್ ಹುಡುಗ ನಿಧಾನಕ್ಕೆ ಹೋಗುತ್ತಿದ್ದ, ಉಳಿದುಕೊಂಡ. ಅವನ ಮುಖ ನೋಡಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ.

ಮುರಿದ ಜಾಗದಲ್ಲಿ ಎಳ್ಳುಕಾಳಿನಷ್ಟು ಗುಳಿ. ಅದರ ಸುತ್ತ, ಕೆರೆ ನೀರು ಇಳಿದಂತೆಲ್ಲ ದಂಡೆಯಲ್ಲಿ ಉಳಿಯುತ್ತಲ್ಲ, ಅಂಥ ಬಾಗಿದ ಗೆರೆಗಳು. ಒಂದೇ ಏಟಿಗೆ ಮುರಿದದ್ದಲ್ಲ. ಗಾಡಿ ಕುಲುಕಿದಾಗಲೆಲ್ಲ ಬಿರುಕು ಅಷ್ಟಷ್ಟೇ ಮುಂದೆ ಸರಿದಿತ್ತು.

ನಿಜವಾದ ಪೀನಿಂಗ್‌ನಲ್ಲಿ ದುಂಡನೆಯ ಉಕ್ಕಿನ ಗುಂಡುಗಳನ್ನು ರಭಸದಿಂದ ಹೊಡೆಯುತ್ತಾರೆ. ಏಟು ತಿಂದ ಮೇಲ್ಪದರ ಹಿಗ್ಗಲು ನೋಡುತ್ತದೆ, ಒಳಗಿನ ಉಕ್ಕು ಬಿಡುವುದಿಲ್ಲ. ಹಾಗಾಗಿ ಆ ಪದರ ಸದಾ ಅದುಮಿ ಹಿಡಿದಂತಿರುತ್ತದೆ, ಲೋಡ್ ಬಿದ್ದಾಗ ಸಣ್ಣ ಬಿರುಕಿನ ಬಾಯಿ ತೆರೆಯಲು ಸುಲಭಕ್ಕೆ ಬಿಡುವುದಿಲ್ಲ. ಆದರೆ ಅದರ ಆಳ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನೊಳಗೆ. ಗುಳಿ ಅದಕ್ಕಿಂತ ಕೆಳಗೆ ಇಳಿದಿದ್ದರೆ ಪೀನಿಂಗ್ ಕಾಯುವುದಿಲ್ಲ.

ನನ್ನ ಬ್ಲೇಡ್‌ಗೆ ಅದೂ ಆಗಿರಲಿಲ್ಲ. ತುಕ್ಕು ಹೋಗಲೆಂದು ಮರಳು ಹೊಡೆಸಿ ಕಪ್ಪು ಪೇಂಟ್ ಬಳಿದಿದ್ದರು, ಅಷ್ಟೇ. ಬಾಗು ಏರಿಸಲು ಗ್ಯಾಸ್ ಬೆಂಕಿ ಹಿಡಿದದ್ದನ್ನು ಆಮೇಲೆ ಕೆಲಸದ ಹುಡುಗನೇ ಒಪ್ಪಿಕೊಂಡ. ಉಕ್ಕು ನೀಲಿ ತಿರುಗುವಷ್ಟು, ಅಂದರೆ ಸುಮಾರು 300 ಡಿಗ್ರಿ ಕಾದರೆ, ಪೀನಿಂಗ್ ಮಾಡಿದ್ದರೂ ಅದರ ಹಿಡಿತ ಸಡಿಲವಾಗತೊಡಗುತ್ತದೆ.

ಪೇಂಟ್ ಬೀಳುವ ಮುಂಚೆ ನೀವೇ ಹೋಗಿ ನೋಡಿ. ಲೋಡ್ ಬಿದ್ದಾಗ ಎಳೆತಕ್ಕೆ ಸಿಗುವುದು ಬ್ಲೇಡ್‌ನ ಮೇಲ್ಮುಖ. ಅಲ್ಲಿ ಭೂತಗನ್ನಡಿ ಹಿಡಿದರೆ ಗುಂಡಿನ ಏಟಿನ ಸಣ್ಣ ದುಂಡು ಕುಳಿಗಳು ಒಂದರ ಮೇಲೊಂದು, ಜಾಗ ಬಿಡದಂತೆ ಕಾಣಬೇಕು. ಆಲ್ಮೆನ್ ಪಟ್ಟಿ ತೋರಿಸಿ ಅನ್ನಿ. ತೆಳು ಉಕ್ಕಿನ ಪಟ್ಟಿಯ ಒಂದೇ ಮಗ್ಗುಲಿಗೆ ಅದೇ ಗುಂಡು ಹೊಡೆದರೆ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ, ಎಷ್ಟು ಬಾಗಿತೆಂದು ಅಳೆದರೆ ಏಟಿನ ಬಲ ತಿಳಿಯುತ್ತದೆ. ‘ಹಂಗಂದ್ರೇನು?’ ಅಂತ ಅವರೇ ನಿಮ್ಮನ್ನು ಕೇಳಿದರೆ ಬ್ಲೇಡ್ ವಾಪಸ್ ತನ್ನಿ. ಉಗುರು ಸಿಕ್ಕಿಕೊಳ್ಳುವಂಥ ಗುಳಿ ಇದ್ದರೆ ಪೀನಿಂಗ್ ಮಾತೇ ಬೇಡ, ಹೊಸದು ಹಾಕಿಸಿ.

ಮುರಿದ ತುಂಡನ್ನು ಗುಜರಿಗೆ ಹಾಕಿಲ್ಲ, ಗಾಡಿಯಲ್ಲೇ ಇದೆ. ಎಪಿಎಂಸಿಯಲ್ಲಿ ಸಿಕ್ಕವರು ಕೇಳಿ, ತೋರಿಸುತ್ತೇನೆ.