ಬಾರ್ಟನ್ ಫಿಂಕ್: ಬರೆಯೋಕೆ ಕೂತ್ರೆ ಗೋಡೇನೇ ಸುಲ್ಕೊಂಡು ಬರುತ್ತೆ

ಅಮೆರಿಕದ ಡೈರೆಕ್ಟರ್ ಜೋಡಿ ಕೋಯೆನ್ ಬ್ರದರ್ಸ್ ಅಂದ್ರೆ ಎಲ್ಲಾರೂ ಫಾರ್ಗೋ ಸಿನಿಮಾ ಅಂತಾರೆ, ನನ್ನ ವೋಟು ಅವ್ರದ್ದೇ 1991ರ ಬಾರ್ಟನ್ ಫಿಂಕ್‌ಗೆ. ಕಥೆ 1941ರದ್ದು. ನ್ಯೂಯಾರ್ಕಲ್ಲಿ ನಾಟಕ ಹಿಟ್ ಆಯ್ತು ಅಂತ ಬಾರ್ಟನ್ ಅನ್ನೋ ನಾಟಕಕಾರನ್ನ ಹಾಲಿವುಡ್‌ನೋರು ಕರೆಸ್ಕೋತಾರೆ, ಕೆಲಸ ಏನಪ್ಪಾ ಅಂದ್ರೆ ವ್ಯಾಲೇಸ್ ಬೀರಿ ಅನ್ನೋ ಸ್ಟಾರ್‌ಗೆ ಒಂದು ಕುಸ್ತಿ ಪಿಕ್ಚರ್ ಬರ್ಕೊಡೋದು. ಫಾಕ್ನರ್‌ನಂಥ ದೊಡ್ಡ ಲೇಖಕನಿಗೂ ನಿಜವಾಗ್ಲೂ ಇಂಥದ್ದೇ ಬೀರಿ ಕುಸ್ತಿ ಪಿಕ್ಚರ್ ಕೆಲಸ ಕೊಟ್ಟಿದ್ರಂತೆ, ಸಿನಿಮಾದಲ್ಲಿ ಅವನನ್ನೇ ಹೋಲೋ ಒಬ್ಬ ಕುಡುಕ ಕಾದಂಬರಿಕಾರನೂ ಇದಾನೆ.

ಬಾರ್ಟನ್ ಅಂತೂ ಜನಸಾಮಾನ್ಯರಿಗಾಗಿ ಹೊಸ ರಂಗಭೂಮಿ ಕಟ್ತೀನಿ ಅಂತ ಹೊರಟೋನು. ಹಳೇ ಹೋಟೆಲ್ ರೂಮಲ್ಲಿ ಟೈಪ್‌ರೈಟರ್ ಮುಂದೆ ಕೂರ್ತಾನೆ, ಮೊದಲ ಸಾಲುಗಳು ಬಿಟ್ರೆ ಮುಂದಕ್ಕೆ ಹೋಗಲ್ಲ. ಸೆಕೆಗೆ ವಾಲ್‌ಪೇಪರ್ ಸುಲ್ಕೊಂಡು ಬರುತ್ತೆ, ಹಿಂದಿಂದ ಅಂಟು ಲೊಳಲೊಳ ಅಂತ ಇಳಿಯುತ್ತೆ, ಇವ್ನು ಅಂಗೈಲಿ ಒತ್ತಿ ಒತ್ತಿ ಮತ್ತೆ ಅಂಟಿಸ್ತಾನೆ. ಮುಖದ ತುಂಬಾ ಸೊಳ್ಳೆ ಕಚ್ಚಿರೋ ಗುರುತು, ಪ್ರೊಡ್ಯೂಸರ್ ಹೇಳ್ತಾನೆ ಲಾಸ್ ಏಂಜಲೀಸ್ ಮರುಭೂಮಿ ಕಣಯ್ಯಾ ಇಲ್ಲಿ ಸೊಳ್ಳೆ ಎಲ್ಲಿಂದ ಬರ್ಬೇಕು ಅಂತ!

ನಂಗೆ ಅಸಲಿ ಜೋಕ್ ಅಂದ್ರೆ ಪಕ್ಕದ ರೂಮಿನ ಚಾರ್ಲಿ, ಜಾನ್ ಗುಡ್‌ಮನ್ ಮಾಡಿರೋದು. ಇನ್ಶೂರೆನ್ಸ್ ಮಾರೋ ಅಪ್ಪಟ ಜನಸಾಮಾನ್ಯ, ನನ್ ಹತ್ರ ಬೇಕಾದಷ್ಟು ಕಥೆ ಇವೆ ಅಂತ ಬಾಯಿ ಬಿಟ್ರೆ ಸಾಕು, ಬಾರ್ಟನ್ ಮಧ್ಯೆ ಬಾಯಿ ಹಾಕಿ ಜನಸಾಮಾನ್ಯರ ಬಗ್ಗೆ ಅವ್ನಿಗೇ ಭಾಷಣ ಕುಟ್ತಾನೆ. ಕಥೆ ಇಲ್ಲ ಅಂತ ಒದ್ದಾಡೋನ ಎದುರಿಗೇ ಕಥೆ ಕೂತಿದೆ, ಕೇಳಿಸ್ಕೊಳ್ಳೋ ಕಿವಿ ಇಲ್ಲ. ಸಾಹಿತಿಗಳು ಜಾಸ್ತಿ ಇರೋ ಗುಂಪಲ್ಲಿ ಇದನ್ನ ಹಾಕ್ಬೇಡಿ, ಯಾರೂ ನಗಲ್ಲ.

ಸ್ಟುಡಿಯೋ ಬಾಸ್ ಆಗಿರೋ ಮೈಕಲ್ ಲರ್ನರ್ ಅಂತೂ ಬೆಂಕಿ, ಬರೀ ಮೂರ್ನಾಲ್ಕು ಸೀನು, ಆಸ್ಕರ್ ನಾಮಿನೇಷನ್ ಸುಮ್ನೆ ಬಂದಿಲ್ಲ. ಒಂದಿನ ರೈಟರ್ ಕಾಲಿಗೇ ಬಿದ್ದು ಶೂಗೆ ಮುತ್ತು ಕೊಡ್ತಾನೆ, ಆಮೇಲೆ ಅದೇ ಬಾಯಲ್ಲಿ ನೀನು ಬರೆಯೋದೆಲ್ಲಾ ಕಂಪನಿ ಆಸ್ತಿ ಅಂತಾನೆ.

ಅರ್ಧ ಆದ್ಮೇಲೆ ಒಂದು ಬೆಳಗ್ಗೆ ಬಾರ್ಟನ್ ಹಾಸಿಗೇಲಿ ಸೊಳ್ಳೆ ಹೊಡೀತಾನೆ ನೋಡಿ, ಅಲ್ಲಿಂದ ಸಿನಿಮಾ ಪೂರ್ತಿ ಬೇರೆ ರೂಟಿಗೆ ಬೀಳುತ್ತೆ, ಏನಾಗುತ್ತೆ ಅಂತ ಹೇಳಲ್ಲ. ಅಲ್ಲಿವರೆಗೆ ಸ್ವಲ್ಪ ಸ್ಲೋ, ಒಪ್ತೀನಿ, ವಿಚಾರಣೆಗೆ ಬರೋ ಇಬ್ಬರು ಪೊಲೀಸ್ರ ಸೀನುಗಳು ನಂಗೆ ಅಷ್ಟಾಗಿ ಹಿಡಿಸ್ಲಿಲ್ಲ. ಕಾನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಅಲ್ಲಿನ ಟಾಪ್ ಪ್ರಶಸ್ತಿ ಪಾಮ್ ದೋರ್, ಬೆಸ್ಟ್ ಡೈರೆಕ್ಟರ್, ಬೆಸ್ಟ್ ಆಕ್ಟರ್ ಮೂರೂ ಬಾಚ್ಕೊಂಡ ಸಿನಿಮಾ, ಥಿಯೇಟರಲ್ಲಿ ಮಾತ್ರ ಹಾಕಿದ ದುಡ್ಡೂ ಬರ್ಲಿಲ್ಲ.

ಹೆಡ್‌ಫೋನ್ ಹಾಕ್ಕೊಂಡೇ ನೋಡಿ, ರೂಮಿನ ಸದ್ದುಗಳೇ ಅರ್ಧ ಭಯ. ಚಾರ್ಲಿ ಬಾರ್ಟನ್‌ಗೆ ಕೊಡೋ ಪೆಟ್ಟಿಗೇಲಿ ಏನಿತ್ತು ಅಂತ ಆಮೇಲೆ ನನ್ನ ಕೇಳ್ಬೇಡಿ, ಸಿನಿಮಾದಲ್ಲೂ ತೆರೆದು ತೋರ್ಸಲ್ಲ.