ಬಾತ್ ಊರಿನ ರೋಮನ್ ಬಾತ್ಸ್: ಸುಲಿಸ್ ಮಿನರ್ವಾ ದೇವಿಗಾಗಿ ಹೋಗುವವರಿಗೆ

ಇಂಗ್ಲೆಂಡಿಗೆ ಬಂದ ನಮ್ಮವರು ಬಾತ್ ನೋಡದೆ ಹೋಗುವುದು ಕಡಿಮೆ. ಅಲ್ಲಿನ ರೋಮನ್ ಬಾತ್ಸ್ ಅಂದರೆ ರೋಮನ್ನರ ಕಾಲದ ಸ್ನಾನಗೃಹ, ಈಗ ಮ್ಯೂಸಿಯಂ. ಹಸಿರು ನೀರಿನ ದೊಡ್ಡ ಕೊಳ, ಸುತ್ತ ಕಂಬಗಳು, ಹಿಂದೆ ಚರ್ಚಿನ ಗೋಪುರ. ಆ ಫೋಟೋ ಎಲ್ಲರ ಫೋನಿನಲ್ಲೂ ಇರುತ್ತದೆ. ಆದರೆ ಆ ನೀರು ಒಬ್ಬ ದೇವಿಯದು, ಅವಳನ್ನು ಇವತ್ತಿಗೂ ನಂಬಿ ನಡೆದುಕೊಳ್ಳುವವರು ಇದ್ದಾರೆ ಅನ್ನುವುದು ಬಹಳ ಜನರಿಗೆ ತಿಳಿದಿರುವುದಿಲ್ಲ. ನಾನು ಅಂಥವರಲ್ಲಿ ಒಬ್ಬಳು. ಬ್ರಿಸ್ಟಲ್‌ನಲ್ಲಿ ನರ್ಸ್ ಆಗಿದ್ದೇನೆ. ನಮ್ಮ ಮನೆದೇವರ ಪಟದ ಪಕ್ಕದಲ್ಲೇ ಸುಲಿಸ್ ಮಿನರ್ವಾಗೂ ಒಂದು ದೀಪ ಇಟ್ಟಿದ್ದೇನೆ. ಹಾಗಾಗಿ ಇದನ್ನು ಮ್ಯೂಸಿಯಂ ನೋಡಲು ಹೋದವಳಾಗಿ ಬರೆಯುತ್ತಿಲ್ಲ, ದೇವಿಯ ದರ್ಶನಕ್ಕೆ ಹೋಗುವವಳಾಗಿ ಬರೆಯುತ್ತಿದ್ದೇನೆ.

ರೋಮನ್ನರು ಬರುವ ಮೊದಲೇ ಇಲ್ಲಿನ ಜನ ಈ ಬಿಸಿನೀರಿನ ಬುಗ್ಗೆಯನ್ನು ಸುಲಿಸ್ ಎಂಬ ದೇವಿಯದಾಗಿ ಕಾಣುತ್ತಿದ್ದರು. ರೋಮನ್ನರು ಅವಳನ್ನು ಓಡಿಸಲಿಲ್ಲ. ತಮ್ಮ ಮಿನರ್ವಾಳನ್ನೇ ಅವಳಲ್ಲಿ ಕಂಡರು. ಮೊದಲನೇ ಶತಮಾನದಲ್ಲಿ ಬುಗ್ಗೆಯ ಪಕ್ಕದಲ್ಲೇ ಗುಡಿ ಕಟ್ಟಿದರು. ಊರನ್ನೂ ಅವಳ ಹೆಸರಿನಲ್ಲೇ ಅಕ್ವೇ ಸುಲಿಸ್ ಎಂದು ಕರೆದರು. ಈಗಿನ ಪೇಗನ್ನರಲ್ಲಿ, ಅಂದರೆ ಕ್ರೈಸ್ತ ಧರ್ಮಕ್ಕಿಂತ ಮೊದಲಿನ ಹಳೆಯ ದೇವರುಗಳನ್ನು ನಂಬುವವರಲ್ಲಿ, ಕೆಲವರು ಇವಳು ಬರೀ ಸುಲಿಸ್ ಎನ್ನುತ್ತಾರೆ, ಕೆಲವರು ರೋಮನ್ ಮಿನರ್ವಾ ಎನ್ನುತ್ತಾರೆ. ಈ ಜಗಳ ನನಗೆ ಬೇಡ. ಇಲ್ಲಿ ಸಿಕ್ಕ ಕಲ್ಲುಗಳಲ್ಲಿ ಒಂದೊಂದು ಕಡೆ ಒಂದೊಂದು ಹೆಸರಿದೆ, ಕೆಲವು ಕಡೆ ಎರಡೂ ಒಟ್ಟಿಗೆ ಇವೆ. ಅವಳ ಮುಂದೆ ನಿಂತು ಬೇಡಿಕೊಂಡವರಿಗೇ ಅದು ತೊಂದರೆ ಆಗಿರಲಿಲ್ಲ ಅಲ್ವಾ?

ಒಳಗೆ ಹೋದ ತಕ್ಷಣ ಮೇಲಿನ ಮೊಗಸಾಲೆಯಿಂದ ದೊಡ್ಡ ಕೊಳ ಕಾಣುತ್ತದೆ. ಎಲ್ಲರೂ ಅಲ್ಲೇ ನಿಂತುಬಿಡುತ್ತಾರೆ. ನೀವು ಅಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಅಲ್ಲಿರುವ ಚಕ್ರವರ್ತಿಗಳ ಪ್ರತಿಮೆಗಳು ರೋಮನ್ನರ ಕಾಲದವಲ್ಲ, 19ನೇ ಶತಮಾನದ ಕೊನೆಯಲ್ಲಿ ಮಾಡಿದವು. ಹಳೆಯ ಕಾಲ ಇರುವುದು ಕೆಳಗೆ, ಈಗಿನ ಬೀದಿಯ ಮಟ್ಟಕ್ಕಿಂತ ಕೆಳಗೆ. ಅಲ್ಲಿಗೆ ಇಳಿಯಿರಿ.

ಮೊದಲು ಸಿಗುವುದು ಗುಡಿಯ ಮುಂಭಾಗದ ಕಲ್ಲುಗಳು. ನಡುವೆ ದೊಡ್ಡ ಮುಖ. ಮೀಸೆ, ಗಡ್ಡ, ಸುತ್ತಲೂ ಹಾವಿನಂತೆ ಹರಡಿದ ಕೂದಲು. ಇದು 1790ರಲ್ಲಿ ಪಂಪ್ ರೂಮ್ ಎಂಬ, ಬುಗ್ಗೆ ನೀರು ಕುಡಿಯಲು ಜನ ಸೇರುತ್ತಿದ್ದ ಕಟ್ಟಡಕ್ಕೆ ಅಗೆಯುವಾಗ ಸಿಕ್ಕಿತು. ಮಿನರ್ವಾಳ ಗುರಾಣಿಯ ಮೇಲಿನ ಗಾರ್ಗನ್, ಅಂದರೆ ಪುರಾಣದ ಹಾವುಗೂದಲಿನ ರಾಕ್ಷಸಿ ಎಂದು ಬಹಳ ಜನ ಹೇಳುತ್ತಾರೆ, ನೀರಿನ ದೇವರು ಎನ್ನುವವರೂ ಇದ್ದಾರೆ. ಮುಂದೆ ಗುಡಿಯ ಅಂಗಳ, ಸವೆದ ಮೆಟ್ಟಿಲುಗಳು, ಬಲಿ ಕೊಡುತ್ತಿದ್ದ ಪೀಠದ ಮೂಲೆಗಲ್ಲುಗಳು. ಲೂಸಿಯಸ್ ಮಾರ್ಸಿಯಸ್ ಮೆಮೋರ್ ಎಂಬವನ ಹೆಸರಿರುವ ಕಲ್ಲೂ ಇದೆ. ಬಲಿಯ ಪ್ರಾಣಿಯ ಕರುಳು ನೋಡಿ ಶಕುನ ಹೇಳುವುದು ಅವನ ಕೆಲಸ. ಇನ್ನೊಂದು ಸಮಾಧಿಕಲ್ಲು ದೇವಿಯ ಪೂಜಾರಿ ಗಾಯಸ್ ಕಲ್ಪುರ್ನಿಯಸ್ ರಿಸೆಪ್ಟಸ್‌ನದು. 75 ವರ್ಷ ಬದುಕಿದವನು. ಕಲ್ಲು ನೆಡಿಸಿದವಳು ಹೆಂಡತಿ ಟ್ರಿಫೋಸಾ. ಅವಳು ಮೊದಲು ಅವನ ಗುಲಾಮಳಾಗಿದ್ದವಳು.

ಆಮೇಲೆ ದೇವಿ. ಕಂಚಿನ ತಲೆ, ಅದರ ಮೇಲೆ ಚಿನ್ನದ ಲೇಪ. 1727ರಲ್ಲಿ ಸ್ಟಾಲ್ ಸ್ಟ್ರೀಟ್‌ನಲ್ಲಿ ಚರಂಡಿಗೆ ಅಗೆಯುತ್ತಿದ್ದ ಕೆಲಸಗಾರರಿಗೆ ಸಿಕ್ಕಿದ್ದು. ಮೈ ಇಲ್ಲ. ತಲೆಯ ಮೇಲೆ ಒಂದು ಕಾಲದಲ್ಲಿ ಶಿರಸ್ತ್ರಾಣ ಇದ್ದಿರಬೇಕು. ಹತ್ತಿರದಿಂದ ನೋಡಿದರೆ ಮುಖದ ಮೇಲೆ ಕಲೆಗಳು, ಗಾಯದಂಥ ಗುರುತುಗಳು ಕಾಣುತ್ತವೆ. ಪರೀಕ್ಷೆ ಮಾಡಿದವರಿಗೆ ಚಿನ್ನದ 6 ಪದರ ಸಿಕ್ಕಿವೆ. ಅಂದರೆ ಮತ್ತೆ ಮತ್ತೆ ಯಾರೋ ಖರ್ಚು ಮಾಡಿ, ಹಳೆಯದರ ಮೇಲೆ ಹೊಸದಾಗಿ ಚಿನ್ನ ಹೊದಿಸಿದ್ದಾರೆ. ನನ್ನ ಮಟ್ಟಿಗೆ ಇಡೀ ಟಿಕೆಟ್ಟಿನ ದುಡ್ಡು ಇಲ್ಲೇ ವಸೂಲು. ಮಕ್ಕಳನ್ನು ಕರೆದುಕೊಂಡು ಹೋದರೆ ಈ ಪದರಗಳ ವಿಷಯ ಹೇಳಿ, ಅವರು ಕಣ್ಣರಳಿಸಿ ನೋಡುತ್ತಾರೆ.

ಬುಗ್ಗೆ ಇಲ್ಲಿಗೆ ಹತ್ತಿರವೇ. ದಿನಕ್ಕೆ 11,70,000 ಲೀಟರ್ ನೀರು ತಾನಾಗಿ ಉಕ್ಕುತ್ತದೆ, ಅದೂ 46 ಡಿಗ್ರಿ ಬಿಸಿಯಲ್ಲಿ. ಮೆಂಡಿಪ್ ಬೆಟ್ಟಗಳ ಮೇಲೆ ಸಾವಿರಾರು ವರ್ಷದ ಹಿಂದೆ ಬಿದ್ದ ಮಳೆ ನೆಲದಾಳಕ್ಕೆ ಇಳಿದು, ಕಾದು, ಮೇಲೆ ಬರುತ್ತಿದೆ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹೆಚ್ಚಾದ ನೀರು ಹರಿದುಹೋಗುವ ರೋಮನ್ ತೂಬು ಇನ್ನೂ ಕೆಲಸ ಮಾಡುತ್ತಿದೆ. ಕಲ್ಲು ಕಬ್ಬಿಣದ ಅಂಶದಿಂದ ಕೆಂಪಗಾಗಿದೆ, ಹಬೆ ಮುಖಕ್ಕೆ ಹೊಡೆಯುತ್ತದೆ. ಇಲ್ಲಿ ಕೈ ಮುಗಿಯಿರಿ, ಯಾರೂ ಏನೂ ಅನ್ನುವುದಿಲ್ಲ.

1979ರಿಂದ ಬುಗ್ಗೆಯ ತಳ ಅಗೆದಾಗ 12,000ಕ್ಕೂ ಹೆಚ್ಚು ರೋಮನ್ ನಾಣ್ಯಗಳು ಸಿಕ್ಕವು. ದೇವಿಯ ಹೆಸರು ಕೆತ್ತಿದ ಪಾತ್ರೆಗಳೂ ಸಿಕ್ಕವು. ಜೊತೆಗೆ ಸುಮಾರು 130 ಸೀಸದ ತಗಡುಗಳು. ಇವುಗಳ ಮುಂದೆ ನಿಧಾನವಾಗಿ ನಿಲ್ಲಿ. ಕಳ್ಳತನ ಆದವರು ತಮ್ಮ ದೂರನ್ನು ತಗಡಿನ ಮೇಲೆ ಗೀರಿ, ಸುತ್ತಿ, ದೇವಿಯ ನೀರಿಗೆ ಹಾಕುತ್ತಿದ್ದರು. ಡೋಸಿಮೆಡಿಸ್ ಎಂಬವನ ಎರಡು ಕೈಗವಸು ಕಳುವಾಗಿವೆ. ಕದ್ದವನ ಬುದ್ಧಿ ಕೆಡಲಿ, ಕಣ್ಣು ಹೋಗಲಿ ಎಂದು ಬೇಡಿದ್ದಾನೆ. ಇನ್ನೊಬ್ಬನ ಮೇಲಂಗಿ ಹೋಗಿದೆ. ಕದ್ದವರು ಗಂಡಾಗಲಿ ಹೆಣ್ಣಾಗಲಿ, ಗುಲಾಮನಾಗಲಿ ಸ್ವತಂತ್ರನಾಗಲಿ, ಬಿಡಬೇಡ ತಾಯಿ ಎನ್ನುವ ಧಾಟಿ. ಶ್ರೀಮಂತರ ದೊಡ್ಡ ಶಾಸನಗಳಿಗಿಂತ ನನಗೆ ಈ ತಗಡುಗಳೇ ಹತ್ತಿರ. ಒಂದು ಜೊತೆ ಕೈಗವಸು ಕಳಕೊಂಡವನ ಮಾತನ್ನೂ ಕೇಳುವ ದೇವಿ ಇವಳು ಎಂದು ಅವರು ನಂಬಿದ್ದರು. ಶಾಪ ಹಾಕುವುದನ್ನು ನಾನು ಮಾಡುವುದಿಲ್ಲ. ಈಗಿನ ಪೇಗನ್ನರಲ್ಲಿ ಮಾಡುವವರಿದ್ದಾರೆ.

ನಾನು ಹಿಡಿದಿರುವುದು ಬೇರೆ ದಾರಿ. ಇಲ್ಲೇ ಸಿಕ್ಕ ಎರಡು ಹರಕೆಕಲ್ಲುಗಳು ಅದನ್ನು ತೋರಿಸಿಕೊಟ್ಟವು. ರೋಮನ್ ಸೈನ್ಯದ ಆರನೇ ಲೀಜನ್ ಎಂಬ ದಳದ ಸೇನಾಧಿಕಾರಿ ಔಫಿಡಿಯಸ್ ಮ್ಯಾಕ್ಸಿಮಸ್‌ನ ಕ್ಷೇಮಕ್ಕಾಗಿ, ಅವನಿಂದ ಬಿಡುಗಡೆ ಪಡೆದಿದ್ದ ಇಬ್ಬರು ಗುಲಾಮರು ಬೇರೆ ಬೇರೆಯಾಗಿ ಹರಕೆ ಹೊತ್ತು, ತೀರಿಸಿ, ಕಲ್ಲು ನಿಲ್ಲಿಸಿದ್ದಾರೆ. ತಮಗಾಗಿ ಏನೂ ಕೇಳಿಲ್ಲ. ವಾರ್ಡಿನಲ್ಲಿ ದಿನವಿಡೀ ಬೇರೆಯವರ ಮೈ ನೋಡಿಕೊಳ್ಳುವವಳಿಗೆ ಇದು ಸೀದಾ ಎದೆಗೆ ತಾಗುತ್ತದೆ. ಮಿನರ್ವಾ ನೇಯುವವರ, ಬಣ್ಣ ಹಾಕುವವರ, ಚಪ್ಪಲಿ ಹೊಲಿಯುವವರ ದೇವಿ, ವೈದ್ಯರ ದೇವಿಯೂ ಹೌದು. ರೋಮನ್ ಕವಿ ಓವಿಡ್ ಅವಳ ಮಾರ್ಚ್ 19ರ ಹಬ್ಬದ ಬಗ್ಗೆ ಬರೆಯುವಾಗ ಇವರೆಲ್ಲರನ್ನೂ ಒಬ್ಬೊಬ್ಬರಾಗಿ ಕರೆಯುತ್ತಾನೆ. ಆ ಮೊದಲ ದಿನ ರಕ್ತ ಹರಿಸುವಂತಿಲ್ಲ ಎಂದೂ ಹೇಳುತ್ತಾನೆ. ನನಗೆ ಅವತ್ತು ಡ್ಯೂಟಿ ಇಲ್ಲದಿದ್ದರೆ ಇಲ್ಲಿಗೇ ಬರುತ್ತೇನೆ.

ಈಗ ವ್ಯವಹಾರದ ಮಾತು. ಒಳಗೆ ದೀಪ, ಊದುಬತ್ತಿ ಹಚ್ಚುವ ಯೋಚನೆ ಬೇಡ. ಬುಗ್ಗೆಗೆ ಹೂವು, ಹಾಲು ಏನನ್ನೂ ಹಾಕಬೇಡಿ. ಹೂವಿಡಲು ಒಂದು ಪುಟ್ಟ ಜಾಗ ಕೊಟ್ಟರೆ ಚೆನ್ನಾಗಿತ್ತು ಎಂದು ನನ್ನ ಆಸೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 74,000 ಜನ ತಮ್ಮ ಧರ್ಮ ಪೇಗನ್ ಎಂದು ಬರೆಸಿದ್ದಾರೆ. ಅವರಲ್ಲಿ ಕೆಲವರಿಗಾದರೂ ಇದು ಗುಡಿಯೇ. ದೊಡ್ಡ ಕೊಳದ ನೀರು ಮುಟ್ಟಬೇಡಿ, ಅದು ಶುದ್ಧ ಮಾಡಿದ ನೀರಲ್ಲ. 1978ರಲ್ಲಿ ಇಲ್ಲಿನ ಬುಗ್ಗೆ ನೀರಿನಲ್ಲಿ ಈಜಿದ ಒಬ್ಬ ಹುಡುಗಿ ಮಿದುಳಿಗೆ ಅಮೀಬಾ ಸೇರಿ ತೀರಿಕೊಂಡಳು. ನರ್ಸ್ ಆಗಿ ಹೇಳುತ್ತಿದ್ದೇನೆ, ಬೆರಳೂ ಅದ್ದಬೇಡಿ. ಕುಡಿಯಲು ಶುದ್ಧ ಮಾಡಿದ ಬುಗ್ಗೆ ನೀರು ಬೇರೆಯಾಗಿ ಸಿಗುತ್ತದೆ. 43 ಖನಿಜಗಳಿವೆಯಂತೆ. ರುಚಿ ಮಾತ್ರ ಕಬ್ಬಿಣದ ಬಾಣಲಿಯಲ್ಲಿ ಕಾಯಿಸಿಟ್ಟ ನೀರಿನ ಹಾಗೆ. ನಾನು ಅದನ್ನು ತೀರ್ಥ ಎಂದೇ ತೆಗೆದುಕೊಳ್ಳುತ್ತೇನೆ.

ಅವಳ ನೀರಿನಲ್ಲಿ ಮೀಯಲೇಬೇಕು ಅಂದರೆ ಪಕ್ಕದಲ್ಲೇ ಥರ್ಮೆ ಬಾತ್ ಸ್ಪಾ ಇದೆ. 2006ರಲ್ಲಿ ಶುರುವಾಯಿತು. ಮಾಳಿಗೆ ಮೇಲಿನ ಕೊಳಕ್ಕೆ ಜನ ಮುಗಿಬೀಳುತ್ತಾರೆ. ನನಗೆ ಇಷ್ಟ ಅದೇ ಸ್ಪಾಗೆ ಸೇರಿದ ಕ್ರಾಸ್ ಬಾತ್. ಚಿಕ್ಕದು, ಮೇಲೆ ಆಕಾಶ, ಅದಕ್ಕೆ ತನ್ನದೇ ಬುಗ್ಗೆ. ಖರ್ಚು ಜಾಸ್ತಿ, ಆದರೂ ಹಬ್ಬದ ದಿನಕ್ಕೆ ಮಾಡಬಹುದು.

ಲಂಡನ್ನಿನಿಂದ ಬರುವವರು ಸ್ಟೋನ್‌ಹೆಂಜ್ ಜೊತೆಗೆ ಬಾತ್ ಸೇರಿಸಿ ಒಂದೇ ದಿನದಲ್ಲಿ ಮುಗಿಸುವ ಬಸ್ ಟೂರಿಗೆ ದುಡ್ಡು ಕೊಡಬೇಡಿ. ಊರಿನಿಂದ ಬಂದ ಅಕ್ಕನ ಜೊತೆ ಅಂಥದ್ದೊಂದರಲ್ಲಿ ಹೋಗಿದ್ದೆ. ತಗಡುಗಳ ಹತ್ತಿರ ಬರುವಷ್ಟರಲ್ಲಿ ಗೈಡ್ ಫೋನು ಮಾಡಿ ಕರೆದರು. ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್‌ನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಬ್ರಿಸ್ಟಲ್‌ನಿಂದ ಕಾಲು ಗಂಟೆ. ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ವಾರದ ದಿನ ಟಿಕೆಟ್ ಅಗ್ಗ, ಜನವೂ ಕಡಿಮೆ. ಆಡಿಯೋ ಗೈಡ್ ಟಿಕೆಟ್ಟಿನಲ್ಲೇ ಸೇರಿದೆ. ಮೂರು ಗಂಟೆಯಾದರೂ ಕೈಯಲ್ಲಿರಲಿ.

ಉಳಿದದ್ದು ಮನೆಯಲ್ಲಿ. ಕೈ ತೊಳೆದು, ತಲೆಯ ಮೇಲೆ ಸೆರಗೋ ದುಪಟ್ಟಾವೋ ಹೊದ್ದುಕೊಳ್ಳಿ. ರೋಮನ್ ಪದ್ಧತಿಯಲ್ಲಿ ಮೊದಲು ಬಾಗಿಲು, ಆರಂಭಗಳ ದೇವರು ಜಾನಸ್‌ನನ್ನು ನೆನೆಯಬೇಕು, ಕೊನೆಗೆ ಒಲೆಯ ಬೆಂಕಿಯ ದೇವಿ ವೆಸ್ತಾಳನ್ನು. ನಡುವೆ ನಿಮ್ಮ ದೇವಿ. ಧೂಪ, ಸ್ವಲ್ಪ ಹಾಲು ಅಥವಾ ವೈನ್, ಒಂದು ಬಟ್ಟಲು ನೀರು ಸಾಕು. ಏನಾದರೂ ಬೇಡಿಕೊಂಡರೆ ಏನು ಕೊಡುತ್ತೀರಿ ಎಂದು ಬಾಯಿಬಿಟ್ಟು ಹೇಳಿ, ಕೆಲಸ ಆದ ಮೇಲೆ ತಪ್ಪದೆ ತೀರಿಸಿ. ನಾನು ಯಾರ ಹೆಸರಿನಲ್ಲಿ ಬೇಡುತ್ತೇನೋ ಅವರು ಗುಣವಾಗಿ ಮನೆಗೆ ಹೋದರೆ, ಮುಂದಿನ ಸಲ ಮ್ಯೂಸಿಯಂನ ಕಾಣಿಕೆ ಡಬ್ಬಿಗೆ ದುಡ್ಡು ಹಾಕುತ್ತೇನೆ. ಆ ಕಂಚಿನ ತಲೆಯನ್ನು ಈಗ ನೋಡಿಕೊಳ್ಳುತ್ತಿರುವವರು ಅವರೇ ತಾನೆ.